ಗ್ರಾಫಿಕ್ಸ್ ಕಾರ್ಡಿನ ಕೆಂಪು ಪುಡಿ

ಗೇಮ್ ಆಡೋ ಕಂಪ್ಯೂಟರಿಗೆ ಉಳಿದೆಲ್ಲ ಭಾಗ ಜೋಡಿಸಿಟ್ಟಿದ್ದೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಹೊಸದು ಕೊಳ್ಳೋದು ನನ್ನ ಕೈಲಿ ಆಗೋ ಮಾತಲ್ಲ. ಶಿಕಾರಿಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡೋರೊಬ್ಬರು ಹಳೇದು ಮಾರ್ತಾರೆ ಅಂತ ಗೊತ್ತಾಗಿದ್ದೇ ತಡ, ಸೊರಬದಲ್ಲಿ ಬಸ್ಸು ಹತ್ತಿದೆ. ಕಾರ್ಡ್ ಕೈಗೆ ಬಂದ ಕೂಡಲೇ ಆಸೆಯಿಂದ ತಿರುಗಿಸಿ ನೋಡಿದೆ. ಆದರೆ ಅದರ ಫ್ಯಾನಿನ ಸಂದಿಯಲ್ಲೆಲ್ಲ ಕೆಂಪು ಪುಡಿ!

"ತುಕ್ಕು ಹಿಡಿದಿದೆಯಲ್ರೀ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ," ಅಂದೆ.

ಅವರ ಮುಖ ಬಿಗಿದುಕೊಂಡಿತು. "ತುಕ್ಕಲ್ರೀ, ಆಯುಧಪೂಜೆ ಕುಂಕುಮ. ಅನ್ನ ಹಾಕಿದ ಕಾರ್ಡ್ ಇದು. ಒರೆಸೋದಿದ್ರೆ ಕೊಡಂಗಿಲ್ಲ."

ನಾಲಿಗೆ ಕಚ್ಚಿಕೊಂಡು, ಒರೆಸಲ್ಲ ಅಂತ ಮಾತು ಕೊಟ್ಟು ಕಾರ್ಡನ್ನು ಮನೆಗೆ ತಂದೆ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವಷ್ಟೂ ತಾಳ್ಮೆಯಿಲ್ಲದೆ ಆಟ ಶುರು ಮಾಡಿದೆ. ಕಾರ್ಡಿನ ಫ್ಯಾನ್ ಜೋರಾಗಿ ತಿರುಗಿತು. ಪರದೆ ಮೇಲೆ ಇನ್ನೂ ಒಂದು ಗುಂಡೂ ಹಾರಿರಲಿಲ್ಲ. ನನ್ನ ಬಿಳಿ ಬನಿಯನ್ ಮಾತ್ರ ಆಗಲೇ ಕೆಂಪಾಗಿತ್ತು.