ಹಾಲಿನಲ್ಲಿ ನಿಂತ ನೊರೆ

ನೊರೆ ಬಂದರೆ ಸೋಪು, ಬರದಿದ್ದರೆ ಮೋಸ. ನಮ್ಮ ಕಡೆ ಹೆಂಗಸರ ತೀರ್ಮಾನ ಇಷ್ಟೇ. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ನಾನು ಬಟ್ಟೆ, ಪಾತ್ರೆ ತೊಳೆಯೋ ಲಿಕ್ವಿಡ್ ಮಾಡಿ, ಖಾಲಿ ನೀರಿನ ಬಾಟಲಿಗೆ ತುಂಬಿ ಮಾರೋಕೆ ಶುರು ಮಾಡಿದಾಗ ಬಂದ ಮೊದಲ ದೂರೇ ಇದು. "ಏನೇ ಇದು, ಬಕೆಟ್ಟಲ್ಲಿ ನೊರೇನೇ ಏಳಲ್ಲ, ನೀರು ಬೆರೆಸಿದ್ಯಾ?" ನನಗೆ ಮೈಯೆಲ್ಲ ಉರಿದುಹೋಯಿತು. ನೊರೆ ಬೇರೆ, ಕೊಳೆ ಹೋಗೋದು ಬೇರೆ ಅಂತ ಎಷ್ಟು ಬಡಕೊಂಡರೂ ಕೇಳೋರು ಯಾರು? ಸರಿ, ನಿಮ್ಮ ಹಣೆಬರಹ ಅಂದುಕೊಂಡು ನೊರೆಗೆ ಹಾಕೋ ಬಿಳಿ ಪೇಸ್ಟನ್ನ ಇನ್ನಷ್ಟು ಸುರಿದೆ. ಎಲ್ಲರ ಬಾಯೂ ಮುಚ್ಚಿತು.

ನಾನು ಬಂಗಾರಪೇಟೆಯಲ್ಲಿ ಪಿಯುಸಿ ಸೈನ್ಸ್ ಓದಿದವಳು. ಆ ಓದು ಮದುವೆಯಾದ ಎಷ್ಟೋ ವರ್ಷಕ್ಕೆ ಕೆಲಸಕ್ಕೆ ಬಂತು ಅನ್ನೋ ಜಂಬ ನನಗಿತ್ತು, ಯಾಕೆ ಸುಳ್ಳು ಹೇಳಲಿ. ಲಿಕ್ವಿಡ್ಡಿಗೆ ಮೂಲ ಸಾಮಾನು ಆಸಿಡ್ ಸ್ಲರಿ, ಅದನ್ನ ರಾಬರ್ಟ್‌ಸನ್‌ಪೇಟೆಯಿಂದ ತರುತ್ತಿದ್ದೆ. ಕಾಕಂಬಿ ಥರ ಕಪ್ಪಗೆ, ಮಂದವಾಗಿರುತ್ತದೆ, ಕೈಗೆ ತಾಗಿದರೆ ಸುಡುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನ ಸ್ವಲ್ಪ ಸ್ವಲ್ಪವೇ ಬಿಟ್ಟು ಕೋಲಿನಿಂದ ತಿರುವುತ್ತಾ ಹೋದರೆ ಡ್ರಮ್ಮೇ ಬಿಸಿಯಾಗಿ, ಕಪ್ಪು ಹೋಗಿ ಬೆಳ್ಳಗಾಗುತ್ತದೆ. ಬಣ್ಣದ ಕಾಗದ ಅದ್ದಿ ಆಸಿಡ್ ಸತ್ತಿದೆಯಾ ಅಂತ ನೋಡಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪಿನ ಬಿಲ್ಲೆ ತಿಕ್ಕಿದರೆ ನೊರೆ ಬದಲು ಬಿಳೀ ಗಸಿ ಕಟ್ಟುತ್ತದೆ. ಈ ಲಿಕ್ವಿಡ್ಡಿಗೆ ಆ ತೊಂದರೆ ಇಲ್ಲ.

ಅದರ ಒಂದೊಂದು ಕಣಕ್ಕೂ ಎರಡು ತುದಿ. ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಜಿಡ್ಡು ಬೇಕು. ಹೊಸ ಸೊಸೆಗೆ ತವರೂ ಬೇಕು, ಗಂಡನ ಮನೆಯೂ ಬೇಕಲ್ಲ, ಹಾಗೆ. ಜಿಡ್ಡನ್ನ ಕಚ್ಚಿಕೊಂಡು ನೀರಿನ ಜೊತೆ ಹೊರಟುಬಿಡುತ್ತದೆ. ಆದರೆ ಹೊರಡೋಕೆ ನೀರು ಸಾಕಷ್ಟು ಬೇಕು, ಇಲ್ಲದಿದ್ದರೆ ಅಲ್ಲೇ ಕೂತುಬಿಡುತ್ತದೆ. ಇದು ನನಗೆ ಗೊತ್ತಿತ್ತು.

ಪಕ್ಕದ ಮನೆ ನನ್ನ ಓರಗಿತ್ತಿಯದು, ನನ್ನ ಭಾವನ ಹೆಂಡತಿ. ನಾನು ಅಕ್ಕ ಅಂತಲೇ ಕರೆಯೋದು. ಅವಳದು ಒಂದೇ ಹಸು, ಕರುವಿನಿಂದ ಅವಳೇ ಸಾಕಿದ್ದು. ಹಾಲಿನ ಕ್ಯಾನನ್ನ ಬೂದಿ ಹಾಕಿ ಹುಲ್ಲಿನಿಂದ ತಿಕ್ಕಿ, ಒಂದು ಚೊಂಬು ನೀರು ಆಡಿಸಿ ಚೆಲ್ಲಿ, ಬೇಲಿ ಗೂಟಕ್ಕೆ ಬೋರಲು ಹಾಕುತ್ತಿದ್ದಳು. ನಲ್ಲಿಯಲ್ಲಿ ನೀರು ದಿನಾ ಬರಲ್ಲ, ಹಾಗಾಗಿ ಒಂದೇ ಚೊಂಬು. ಬೂದಿಗೆ ಅಷ್ಟು ಸಾಕಾಗಿತ್ತು. "ಯಾವ ಕಾಲದಲ್ಲಿದೀಯಕ್ಕಾ, ನನ್ನ ಲಿಕ್ವಿಡ್ ಹಾಕು, ಫಳಫಳ ಅಂತದೆ" ಅಂತ ಬಾಟಲಿ ಕೊಟ್ಟವಳು ನಾನೇ. ಮೂರು ನಾಲ್ಕು ಸಲ ಜಾಲಿಸಬೇಕು ಅಂತ ಹೇಳಲಿಲ್ಲ.

ಒಂದು ವಾರಕ್ಕೆ ಡೈರಿಯಲ್ಲಿ ಅವಳ ಹಾಲು ವಾಪಸ್ಸಾಯಿತು. ಡೈರಿಯವರು ಕಲಬೆರಕೆ ಇದೆಯಾ ನೋಡೋಕೆ ಸ್ವಲ್ಪ ಹಾಲಿಗೆ ನೀರು ಹಾಕಿ ಗಾಜಿನ ಕೊಳವೆಯಲ್ಲಿ ಕುಲುಕಿದರೆ ಮೇಲೆ ನೊರೆ ದಪ್ಪಗೆ ನಿಂತುಬಿಟ್ಟಿತು, ಇಳಿಯಲೇ ಇಲ್ಲ. "ಇದರಲ್ಲಿ ಸೋಪೈತೆ, ತಕ್ಕೊಂಡೋಗಮ್ಮ" ಅಂದರು. ಸೋಪಿನ ಪುಡಿ, ಎಣ್ಣೆ ಸೇರಿಸಿ ಹಾಲು ಮಾಡೋ ವಿಡಿಯೋನ ಸಾಲಿನಲ್ಲಿದ್ದವರೆಲ್ಲ ಮೊಬೈಲಿನಲ್ಲಿ ನೋಡಿದ್ದೋರೇ. ಅವಳು ಮನೆ ಸೇರೋದರೊಳಗೆ ಸುದ್ದಿ ಊರು ಸುತ್ತಿತ್ತು.

"ನಾನ್ಯಾಕಮ್ಮಾ ಆಲಿಗೆ ಸೋಪಾಕ್ಲಿ?" ಅಂತ ನನ್ನ ಮುಂದೆ ಅತ್ತಳು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ದೇವರಾಣೆಗೂ, ಆ ಕ್ಷಣದಲ್ಲೇ. ಆದರೆ ಬಂಗಾರಪೇಟೆಯ ಒಂದು ಹೋಟೆಲಿನವರು ತಿಂಗಳಿಗೆ ಎರಡು ಡ್ರಮ್ ಬೇಕು ಅಂದಿದ್ದರು, ಅವತ್ತೇ ಸ್ಯಾಂಪಲ್ ಕಳಿಸಿದ್ದೆ. ಇವಳ ಲಿಕ್ವಿಡ್ಡಿಂದ ಹಾಲು ಕೆಟ್ಟಿತು ಅಂತ ಒಬ್ಬರ ಬಾಯಿಗೆ ಬಿದ್ದರೆ ಮುಗಿಯಿತು. ನಾಳೆ ಸರಿಹೋಗುತ್ತೆ ಬಿಡಕ್ಕಾ ಅಂದೆ. ಥೂ ನನ್ನ ನಾಲಿಗೆಯೇ.

ಮಾರನೇ ದಿನವೂ ವಾಪಸ್ಸು. ಅಕ್ಕ ಏನು ಮಾಡಿದಳು ಗೊತ್ತಾ? ಕ್ಯಾನಲ್ಲೇ ಏನೋ ಅಂಟಿರಬೇಕು ಅಂತ ಎರಡು ಮುಚ್ಚಳ ಲಿಕ್ವಿಡ್ ಸುರಿದು, ಕಂಠದೊಳಗೆ ಕೈ ತೂರಿಸಿ, ಬೆವರು ಸುರಿಯೋ ಹಾಗೆ ತಿಕ್ಕಿದಳು. ನೊರೆ ಅಂಗಳಕ್ಕೆಲ್ಲ ಹರಿಯಿತು. ಆಮೇಲೆ ಅದೇ ಒಂದು ಚೊಂಬು ನೀರು. ಅಡುಗೆಮನೆ ಕಿಟಕಿಯಲ್ಲಿ ನಿಂತು ನಾನು ಎಲ್ಲಾ ನೋಡಿದೆ. ಕೂಗಿದ್ದರೆ ಕೇಳಿಸೋ ದೂರ. ಕೂಗಲಿಲ್ಲ. ಮೂರನೇ ದಿನ ಕೊಳವೆಯಲ್ಲಿ ನೊರೆ ಇನ್ನೂ ಜಾಸ್ತಿ ನಿಂತಿತಂತೆ.

ಅವತ್ತು ಮಧ್ಯಾಹ್ನ ಅವಳ ಮನೆ ಮುಂದೆ ದನದ ದಲ್ಲಾಳಿ ಬಂದು ನಿಂತಿದ್ದ. ಹಸುವಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ. ಓಡಿಹೋದೆ.

"ಅಸೂಗೇ ಏನೋ ಆಗೈತೆ ಕಣೇ" ಅಂದಳು ಅಕ್ಕ. ಮುಖ ಬಾಡಿಹೋಗಿತ್ತು. "ಮಾರ್ಬಿಡ್ತೀನಿ. ಊರೋರ ಮಾತು ತಡ್ಯಾಕಾಗಲ್ಲ ನನ್ ಕೈಲಿ."

"ಅಸೂಗೆ ಏನೂ ಆಗಿಲ್ಲಕ್ಕಾ, ನನ್ ಲಿಕ್ವಿಡ್ದು" ಅಂದುಬಿಟ್ಟೆ. ದಲ್ಲಾಳಿಗೆ ಹೋಗಣ್ಣ, ಮಾರಲ್ಲ ಅಂತ ಹೇಳಿ ಕಳಿಸಿದೆ. ಅಕ್ಕನ ಮುಖ ನೋಡೋ ಧೈರ್ಯ ಬರಲಿಲ್ಲ, ಕ್ಯಾನು ಎತ್ತಿಕೊಂಡು ನಮ್ಮ ಮನೆಗೆ ಬಂದೆ. ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರೆಲ್ಲ ಸುರಿದು ಆರು ಸಲ ಜಾಲಿಸಿದೆ. ಕಂಠದ ಮಡಿಕೆಗೆ ಬೆರಳು ಹಾಕಿ ಉಜ್ಜಿದರೆ ಮೂರನೇ ಸಲವೂ ಜಾರುತ್ತಿತ್ತು.

ಬೆಳಿಗ್ಗೆ ನಾನೇ ಅವಳ ಜೊತೆ ಡೈರಿಗೆ ಹೋದೆ. ಕುಲುಕಿದರು. ನಾಲ್ಕು ಗುಳ್ಳೆ ಎದ್ದು ಒಡೆದುಹೋದವು. ಸಾಲಿನಲ್ಲಿದ್ದವರ ಕಡೆ ತಿರುಗಿ, "ತಪ್ಪು ಅವಳದಲ್ಲ, ನಂದು. ಲಿಕ್ವಿಡ್ ಕೊಟ್ಟೋಳು ನಾನು, ಜಾಲಿಸೋದು ಹೇಳದೆ ಇದ್ದೋಳೂ ನಾನೇ" ಅಂತ ಜೋರಾಗಿ ಹೇಳಿದೆ. ಒಬ್ಬಳು ಕಿಸಕ್ಕನೆ ನಕ್ಕಳು. ನಗಲಿ ಅನ್ನಿಸಿತು. ಅಕ್ಕನ ಹಾಲು ಅಳೆದುಕೊಂಡರು.

ವಾಪಸ್ಸು ಬರುವಾಗ ಅವಳು ಖಾಲಿ ಕ್ಯಾನು ಹಿಡಿದು ನನಗಿಂತ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ ನಿಂತಳು.

"ಮೊನ್ನೆ ನಾನು ಕ್ಯಾನು ತಿಕ್ಕೋವಾಗ ನೀನು ಕಿಟ್ಕೀಲಿದ್ದೆ. ಆಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತಕ್ಕಾ."

"ನನ್ ಅಸೂನ ಮಾರ್ಬಿಡ್ತಿದ್ನಲ್ಲೇ" ಅಂದಳು. ಅಷ್ಟೇ ಅಂದದ್ದು. ಬೈದಿದ್ದರೆ ನಾನೂ ಅತ್ತು, ಕಾಲು ಹಿಡಿದು, ಅಲ್ಲಿಗೆ ಮುಗಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನೆಟ್ಟಗೆ ಕೊಟ್ಟಿಗೆಗೆ ಹೋಗಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ, ಒಳಗೆ ಹೋಗೋಕೆ ನನ್ನ ಕಾಲೂ ಏಳಲಿಲ್ಲ.