ಕೊರವಂಗಲದ ಜಾಮೀನುದಾರ

"ಕಾರು ನಿಮ್ದೇ ಸಾ. ಆದ್ರೆ ಬ್ಯಾಟ್ರಿ ಬ್ಯಾರೆ."

ಹಾಸನದ ಪೇಟೆಯಲ್ಲಿ ಹಳೆಯ ಮೋಟಾರುಗಳನ್ನು ಮಾರುವ ನಂಜಪ್ಪ ಈ ಮಾತು ಹೇಳಿದಾಗ, ಅವನೇ ತರಿಸಿಕೊಟ್ಟ ಕಾಫಿ ನನ್ನ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಬೆಲೆ ಮಾತಾಗಿತ್ತು, ಹಣ ಅವನ ಪೆಟ್ಟಿಗೆ ಸೇರಿತ್ತು. ನಮ್ಮ ಗದಗಿನ ಸಂತೆಯಲ್ಲಿ ಎತ್ತು ಕೊಂಡವನಿಗೆ ಅದರ ಕೊರಳ ಹಗ್ಗವನ್ನೂ ಕೊಟ್ಟೇ ಕಳಿಸುತ್ತಾರೆ. ಇಲ್ಲಿ ಬ್ಯಾಟರಿಯ ನಂತರ ಮೇಲಿನ ಕ್ಯಾನ್ವಾಸು ಹೊದಿಕೆಯೂ ಬೇರೆ ಎಂದಾಯಿತು. ಆಮೇಲೆ ಅವನ ಕಮಿಷನ್ನು, ಅದಾದ ಮೇಲೆ 'ಕೈಬದಲಿನ ಖರ್ಚು'. ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಕ್ಕೆ ಈ ಹೆಸರಂತೆ. ಪ್ರತಿಸಲವೂ ನಂಜಪ್ಪ ನನಗಿಂತ ಹೆಚ್ಚು ನೊಂದವನಂತೆ ಮುಖ ಮಾಡುತ್ತಿದ್ದ.

"ಕೊನೇದು ಒಂದೈತೆ ಸಾ, ಜಾಮೀನು. ಪರಸ್ಥಳದೋರು ಬಾಡ್ಗೆ ಕಾರು ಓಡುಸ್ಬೇಕು ಅಂದ್ರೆ ಈ ಸೀಮೆಯೋರು ಒಬ್ರು ಜವಾಬ್ದಾರಿ ಒತ್ಕಬೇಕು. ನಿಮ್ಗೆ ಇಲ್ಲಿ ಯಾರವ್ರೆ?"

"ಯಾರೂ ಇಲ್ಲ," ಎಂದೆ. ಈ ಸೀಮೆಗೆ ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅದ್ಕೇ ಕಣ್ರೀ ನಾನೇ ಒಬ್ರನ್ನ ಒಪ್ಸಿವ್ನಿ. ಕೊರವಂಗಲದ ಬೋರೇಗೌಡ್ರು. ದೊಡ್ ಮನ್ಸುನ್ ಜನ. ಅವ್ರಿಗೆ ಒಸಿ ಮರ್ಯಾದೆ ಮಾಡ್ಬೇಕು."

ಊರಿಗೆ ಹಿಂದಿರುಗುವ ರೈಲು ಖರ್ಚಿಗೆಂದು ತೆಗೆದಿಟ್ಟಿದ್ದ ಹಣ ಅಂಗಿಯ ಒಳಜೇಬಿನಲ್ಲಿತ್ತು. ಅದನ್ನು ಕೊಟ್ಟೆ.

ನಾನು ನಾಟಕ ಕಂಪನಿಯ ಪ್ರಾಂಪ್ಟರು. ಪಾತ್ರಧಾರಿ ಮಾತು ಮರೆತಾಗ ಸೈಡ್‌ವಿಂಗಿನಲ್ಲಿ ನಿಂತು ಪಿಸುಗುಟ್ಟುವವನು. ಮಾಲೀಕರ ಕಾರನ್ನೂ ನಾನೇ ಓಡಿಸುತ್ತಿದ್ದೆ. ಅರಕಲಗೂಡಿನ ಕ್ಯಾಂಪಿನಲ್ಲಿ ಜನ ಬರಲಿಲ್ಲ. ಹೊಳೆನರಸೀಪುರದಲ್ಲಿ ನಾಯಕಿ ಬಿಟ್ಟುಹೋದಳು. ಚನ್ನರಾಯಪಟ್ಟಣದಲ್ಲಿ ಪರದೆಗಳೇ ಹರಾಜಾದವು. ಉಳಿದವರೆಲ್ಲ ರೈಲು ಹತ್ತಿದರು. ಹೆಂಡತಿ ತೀರಿಕೊಂಡ ಮೇಲೆ ಗದಗಿನಲ್ಲಿ ನನ್ನ ದಾರಿ ಕಾಯುವವರು ಇರಲಿಲ್ಲ, ಅಕ್ಕನೊಬ್ಬಳ ಹೊರತು. ಅಕ್ಕನ ಮನೆಯ ಜಗಲಿಯಲ್ಲಿ ಕೂತು ಉಣ್ಣಲು ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಚನ್ನರಾಯಪಟ್ಟಣದಲ್ಲಿ ಬಸ್ಸು ತಪ್ಪಿ, ಇಲ್ಲಿಯವರ ಮಾತು ತಿಳಿಯದೆ ಒದ್ದಾಡುವುದನ್ನು ಕಂಡೆ. ಕೊಲ್ಲಾಪುರದ ಕಡೆಯವರೊಡನೆ ನಾನು ಮರಾಠಿಯಲ್ಲಿ ಮಾತಾಡಿದಾಗ ಅವರ ಮುಖ ಅರಳಿತು. ಬಾಡಿಗೆ ಕಾರಿನ ಯೋಚನೆ ಹುಟ್ಟಿದ್ದು ಹಾಗೆ.

ಕಾರು ಕೊಳ್ಳುವುದಕ್ಕೂ ಮೊದಲು, ಚನ್ನರಾಯಪಟ್ಟಣದಲ್ಲಿ ಮನೆ ಸಿಗುವುದೇ ಕಷ್ಟವಾಗಿತ್ತು. ತೆಂಗಿನಕಾಯಿ ವ್ಯಾಪಾರದ ಗೌರಮ್ಮ, ಹಣೆತುಂಬ ವಿಭೂತಿ ಧರಿಸುವ ವಿಧವೆ, ಮೊದಲು ಖಡಾಖಂಡಿತವಾಗಿ ಹೇಳಿದ್ದರು: "ನಾಟಕದೋರ್ಗೆ ನಾನು ಮನೆ ಕೊಡಕಿಲ್ಲ." ಕಡೆಗೆ ಕೊಬ್ಬರಿ ಗೋದಾಮಿನ ಹಿಂದಿನ ಕೋಣೆ ಕೊಟ್ಟರು, ಊಟವೂ ಅವರ ಮನೆಯಲ್ಲೇ ಎಂದಾಯಿತು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತದೆ. ಇಲ್ಲಿ ಮುದ್ದೆ ಸದ್ದಿಲ್ಲದೆ ಬೇಯುತ್ತದೆ, ಸದ್ದಿಲ್ಲದೆ ಗಂಟಲಿಳಿಯುತ್ತದೆ. ಬೇಯಿಸಿದ ಕಾಳು ಸೊಪ್ಪಿನಿಂದ ಬಸಿದ ನೀರಿಗೆ ಖಾರ ಕಲಸಿದ ಉಪ್ಸಾರನ್ನು ಮೊದಲ ದಿನ ರೋಗಿಯ ಗಂಜಿ ಎಂದುಕೊಂಡೆ. ಮಾತೂ ಕನ್ನಡವೇ, ಆದರೆ 'ಹೋಗು' ಎಂಬುದು 'ಓಗು' ಆಗಿತ್ತು. ನಾನು 'ಹೌದ್ರಿ' ಎಂದರೆ ಅಂಗಡಿಯಲ್ಲಿ ನಗುತ್ತಿದ್ದರು. ಬರಬರುತ್ತ ಬೇಕಾದಷ್ಟೇ ಮಾತಾಡುವುದನ್ನು ರೂಢಿಸಿಕೊಂಡೆ. ಕೆಲವು ಸಂಜೆ ಗೋದಾಮಿನಲ್ಲಿ ಕೂತು ಹಳೆಯ ನಾಟಕದ ಮಾತುಗಳನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ನಮ್ಮ ಕಡೆಯ ಕನ್ನಡ ಕಿವಿಗೆ ಬೀಳಲಿ ಎಂದು.

ಆ ದಿನಗಳಲ್ಲಿ ಬೋರೇಗೌಡರ ನೆನಪೇ ನನಗೆ ಆಸರೆ. ಮುಖವನ್ನೂ ಕಾಣದೆ ಒಬ್ಬ ಮನುಷ್ಯ ನನ್ನ ಜವಾಬ್ದಾರಿ ಹೊತ್ತಿದ್ದಾರಲ್ಲ! ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿ, ಕಡಿಮೆ ಮಾತು ಎಂದು ಅವರಿಗೊಂದು ರೂಪವನ್ನೂ ಕೊಟ್ಟುಕೊಂಡಿದ್ದೆ. ಒಮ್ಮೆ ಯಾತ್ರಿಕರನ್ನು ಹಾಸನಕ್ಕೆ ಬಿಟ್ಟವನು ಬಾಳೆಹಣ್ಣಿನ ಚಿಪ್ಪು ಕೊಂಡು, ಕೃತಜ್ಞತೆ ಹೇಳಿ ಬರೋಣವೆಂದು ಕೊರವಂಗಲಕ್ಕೆ ಕಾರು ತಿರುಗಿಸಿದೆ.

ಬೂಚೇಶ್ವರನ ಗುಡಿಯ ಮುಂದೆ ರಾಗಿ ಹಸನು ಮಾಡುತ್ತಿದ್ದ ಮುದುಕನನ್ನು ಕೇಳಿದೆ.

"ಬೋರೇಗೌಡ್ರಾ? ಒಬ್ರು ಇದ್ರು, ತೀರ್ಕಂಡು ಬೋ ವರ್ಸ ಆಯ್ತು. ಇನ್ನೊಬ್ಬ ಅವ್ನೆ, ಇನ್ನೂ ಅಂಬೆಗಾಲು." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ನಿಮ್ಗೆ ನೆಂಟ್ರಾಗ್ಬೇಕಾ ಸಾ?"

ಹಣ್ಣನ್ನು ಅವನಿಗೇ ಕೊಟ್ಟು ಬಂದೆ. ದಾರಿಯಲ್ಲಿ ಕಾರು ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಹೆಂಡತಿ ಸತ್ತಾಗ ಅಳಲು ಜನ ಜೊತೆಗಿದ್ದರು. ಇಲ್ಲದ ಒಬ್ಬನಿಗಾಗಿ ಅಳುವಾಗ ಯಾರನ್ನು ಕರೆಯಬೇಕು?

ಗೌರಮ್ಮ ನನ್ನ ಕಣ್ಣು ನೋಡಿಯೇ ಬಿಡದೆ ಕೇಳಿದರು. ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂದದ್ದು ನಂಜಪ್ಪನ ಮೇಲಲ್ಲ, ನನ್ನ ಮೇಲೆ.

"ನನ್ ಯಾಕೆ ಕೇಳ್ಲಿಲ್ಲ? ಒಂದೇ ಕಾಂಪೌಂಡಲ್ಲಿ ಉಣ್ತೀವಿ. ನಾನೇನ್ ಸತ್ತೋಗಿದ್ನಾ?"

ಕೇಳಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಅವರು ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕೂತರು. ಕಾರು ಹತ್ತಿದ್ದು ಅದೇ ಮೊದಲು. ಹಾಸನದವರೆಗೂ ಎರಡು ಕೈಯಲ್ಲಿ ಬಾಗಿಲು ಹಿಡಿದೇ ಇದ್ದರು. ನಂಜಪ್ಪ ಎಂದಿನಂತೆ ಕಾಫಿಗೆ ಹೇಳಿದ.

"ಕಾಫಿ ಬ್ಯಾಡ. ಬೋರೇಗೌಡ್ರನ್ನ ಕರ್ಸು," ಎಂದರು ಗೌರಮ್ಮ.

"ಅವ್ರು ಊರಲ್ಲಿಲ್ಲ ತಾಯಿ..."

"ಊರಲ್ಲಲ್ಲ, ಭೂಮಿ ಮ್ಯಾಲೇ ಇಲ್ಲ. ಇವ್ರು ವಿಚಾರ್ಸ್ಕಂಡು ಬಂದವ್ರೆ. ಇಲ್ದಿರೋ ಮನುಸ್ನ ಮಾರ್ಬುಟ್ಟೆಯಲ್ಲೋ ನಂಜಪ್ಪ!"

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ನಂಜಪ್ಪ ತಗ್ಗಿದ ದನಿಯಲ್ಲಿ, "ಜಾಮೀನು ಅಂತ ಏನೂ ಬೇಕಾಗಿರ್ಲಿಲ್ಲ ತಾಯಿ. ಇವ್ರು ಒಬ್ರೇ ಇದ್ರು, ಕೇಳೋರಿರ್ಲಿಲ್ಲ. ಅದ್ಕೇ ಅಂದ್ಬುಟ್ಟೆ," ಎಂದ. ಆ ಹಣವನ್ನಷ್ಟೇ ಹಿಂದಕ್ಕೆ ಕೊಟ್ಟ. ಬ್ಯಾಟರಿ, ಹೊದಿಕೆ, ಕಮಿಷನ್ನಿನ ಮಾತೆತ್ತಿದರೆ ಕೈ ಮುಗಿದುಬಿಟ್ಟ.

ರೈಲು ಖರ್ಚು ಮತ್ತೆ ಕೈಗೆ ಬಂದಿತ್ತು. ಗದಗಿಗೆ ಹೋಗಿ ಅಕ್ಕನನ್ನು ನೋಡಿ ಬರಬಹುದಿತ್ತು. ಹೋಗಲಿಲ್ಲ. ಹಿಂದಿನ ಟೈರು ಸವೆದಿತ್ತು, ಆ ಹಣದಲ್ಲಿ ಬದಲಾಯಿಸಿದೆ. ಅಕ್ಕನಿಗೆ ಬೇಸಿಗೆಯಲ್ಲಿ ಬರುತ್ತೇನೆಂದು ಹೇಳಿಕಳಿಸಿದೆ. ಅಂಥ ಎಷ್ಟೋ ಬೇಸಿಗೆಗಳು ಕಳೆದವು. ಆ ನಡುವೆ ಯುದ್ಧ ಬಂತು, ಪೆಟ್ರೋಲಿಗೆ ಚೀಟಿ ಬಂತು, ಕಾರು ನಿಂತು ನಿಂತು ಓಡಿತು.

ಈಚೆಗೆ ಲಕ್ಷ್ಮೇಶ್ವರದ ಒಂದು ಕುಟುಂಬ ನನ್ನ ಕಾರಿನಲ್ಲಿ ಬೆಳಗೊಳಕ್ಕೆ ಹೊರಟಿತು. ನಮ್ಮ ಸೀಮೆಯ ಮಾತು! ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಲಿಲ್ಲ. ಬೆಳವಲದ ಮಳೆ, ಹಿಂಡಿಪಲ್ಯ, ಗದಗಿನ ಸಂತೆ ಎಂದು ಅದೂ ಇದೂ ಕೇಳಿದೆ. ಬೆಟ್ಟದ ಬುಡದಲ್ಲಿ ಇಳಿಯುವಾಗ ಆ ಮನೆಯ ಹಿರಿಯ ಹೆಂಗಸು ಮೆಚ್ಚುಗೆಯಿಂದ ನಕ್ಕರು.

"ಈ ಕಡಿಯವ್ರಾದ್ರೂ ನಮ್ಮ ಮಾತು ಭಾಳ ಛಲೋ ಕಲ್ತೀರಿ ನೋಡ್ರಿ."

ನಾನು 'ಹೌದ್ರಿ' ಎಂದೆ. ಅವರು ಮೆಟ್ಟಿಲು ಹತ್ತಿ ಕಣ್ಮರೆಯಾಗುವತನಕ ನೋಡುತ್ತ ನಿಂತಿದ್ದೆ.

ಸಂಜೆ ಚನ್ನರಾಯಪಟ್ಟಣಕ್ಕೆ ಬಂದಾಗ ಗೌರಮ್ಮ ಬಾಡಿಗೆ ಕಾರು ಕೇಳಿಕೊಂಡು ಬಂದ ಹೊಸ ಗಿರಾಕಿಯೊಬ್ಬನೊಡನೆ ಜಗಲಿಯಲ್ಲಿ ಕೂತಿದ್ದರು. ನನ್ನತ್ತ ಕೈ ತೋರಿಸಿ, "ಬಂದ್ರಲ್ಲ, ಇವ್ರೇ ನೋಡಪ್ಪ. ನಮ್ ಗದಗಿನ ಸಾ," ಎಂದರು.

ನಾನು ಕಾರು ನಿಲ್ಲಿಸಿ, ಕೈಕಾಲು ತೊಳೆದು, ಊಟಕ್ಕೆ ಹೋದೆ.