ಧರಣಿ ಮೇಡಂ ಮತ್ತು ಅನ್ನ ಬಸಿಯುವ ಸ್ಟ್ಯಾಂಡು

ಧರಣಿ ಮೇಡಂ ಅವರನ್ನು ನಾನು ಮೊದಲು ನೋಡಿದ್ದು ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ. ಅಶೋಕಪುರಂನ ಸರ್ಕಾರಿ ಶಾಲೆಯೊಂದರಲ್ಲಿ ನಾನು ಬಿಸಿಯೂಟದ ಮುಖ್ಯ ಅಡುಗೆಯವಳು, ನನ್ನ ಜೊತೆಗೆ ನಾಗಮಣಿ. ಬೇಳೆ ಬೇಯಲು ಇಟ್ಟು ಸೌತೆಕಾಯಿ ಹೆಚ್ಚುತ್ತಾ ಇದ್ದೆವು. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ತಲೆ ಎತ್ತಿದರೆ ತೆಳ್ಳಗಿನ ಒಬ್ಬ ಹೆಂಗಸು, ಮೂವತ್ತು ದಾಟಿರಬೇಕು, ಕೈಯಲ್ಲಿ ನೋಟ್‌ಬುಕ್ಕು.

"ಒಳಗೆ ಬರಬಹುದಾ ಅಮ್ಮ?" ಅಂದರು.

ಹದಿನಾಲ್ಕು ವರ್ಷದಲ್ಲಿ ಆ ಅಡುಗೆಮನೆಗೆ ಕೇಳಿ ಬಂದವರು ಯಾರೂ ಇರಲಿಲ್ಲ. ತಪಾಸಣೆಯವರೇ ಸರಿ ಎಂದುಕೊಂಡೆ. ಕಲ್ಲು ಆರಿಸದೆ ಇಟ್ಟಿದ್ದ ಅಕ್ಕಿಯ ಮೊರವನ್ನು ನಾಗಮಣಿ ಮೆಲ್ಲಗೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

"ಹೆದರಬೇಡಿ, ನಾನು ಹೊಸ ಟೀಚರ್. ಆರು, ಏಳನೇ ಕ್ಲಾಸಿಗೆ ವಿಜ್ಞಾನ. ಸುಮ್ಮನೆ ನೋಡೋಣ ಅಂತ ಬಂದೆ" ಅಂದವರು, ಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಕೂತೇಬಿಟ್ಟರು. ನಾವು ಅನ್ನ ಬಸಿದು ಮುಗಿಸುವವರೆಗೂ ಏಳಲಿಲ್ಲ. ಆಮೇಲೆ ಕೇಳಿದರು, "ಇದರಲ್ಲೆಲ್ಲ ನಿಮಗೆ ತುಂಬಾ ಕಷ್ಟದ ಕೆಲಸ ಯಾವುದು?"

"ಯಾವ್ದೂ ಇಲ್ಲ ಮೇಡಂ, ಅಭ್ಯಾಸ ಆಗೋಗದೆ" ಅಂದೆ. ಅದನ್ನು ಹಾಗೇ ಬರೆದುಕೊಂಡರು.

ಧರಣಿ ಮೇಡಂ ನಮ್ಮ ಅಶೋಕಪುರಂನವರೇ. ತಂದೆ ಮನೋಹರ್ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು, ಮಂಡಿನೋವಿನಿಂದ ಮನೆಯಲ್ಲೇ ಇದ್ದರು. ಮನೆ ನಡೆಯುತ್ತಿದ್ದುದು ಅವರ ಪಿಂಚಣಿ, ಮೇಡಂ ಸಂಬಳ ಎರಡರಲ್ಲಿ. ಆದರೆ ಮೇಡಂ ಕಾಯಂ ಟೀಚರ್ ಅಲ್ಲ, ಅತಿಥಿ ಶಿಕ್ಷಕಿ. ಜೂನ್‌ನಲ್ಲಿ ಕರೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಆಯಿತು ಹೋಗಿ ಅನ್ನುತ್ತಾರೆ. ಮುಂದಿನ ಜೂನ್‌ಗೆ ಕರೆಯುತ್ತಾರೋ ಇಲ್ಲವೋ ಹೇಳುವವರಿಲ್ಲ. ಎಂಟು ವರ್ಷ ಹೀಗೇ ಐದು ಶಾಲೆ ತಿರುಗಿದ್ದರು. ಒಂದು ವರ್ಷವಂತೂ ಯಾರೂ ಕರೆಯದೆ ಲಕ್ಷ್ಮೀಪುರಂನ ಒಂದು ಬಟ್ಟೆ ಅಂಗಡಿಯಲ್ಲಿ ನಿಂತಿದ್ದರಂತೆ. ಇದನ್ನು ನಗುತ್ತಲೇ ಹೇಳಿದರು. ಹೇಳುವಾಗ ಪೆನ್ನಿನ ತುದಿ ಕಚ್ಚುತ್ತಿದ್ದರು.

ಅವರ ಪಾಠದ ರೀತಿಯೇ ಬೇರೆ. ಡಿಸೈನ್ ಥಿಂಕಿಂಗ್ ಅಂತ ಅದಕ್ಕೆ ಹೆಸರು. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಮೊದಲು ಯಾರಿಗೆ ಏನು ತೊಂದರೆ ಎಂದು ಮಕ್ಕಳು ಹೋಗಿ ನೋಡಬೇಕು, ಕೇಳಬೇಕು. ಆಮೇಲೆ ಅದಕ್ಕೆ ಏನು ಮಾಡಬಹುದು ಎಂದು ಗೀಚಬೇಕು. ರಟ್ಟಿನಲ್ಲೋ ಮಣ್ಣಿನಲ್ಲೋ ಒಂದು ಮಾದರಿ ಮಾಡಬೇಕು. ಅದನ್ನು ತೊಂದರೆ ಇದ್ದವರ ಕೈಗೇ ಕೊಟ್ಟು, ಎಲ್ಲಿ ಸರಿ ಇಲ್ಲ ಹೇಳಿ ಅನ್ನಬೇಕು. ಅವರು ಹೇಳಿದ ಹಾಗೆ ಮತ್ತೆ ಮಾಡಬೇಕು. ಯಾರೋ ದಾನವಾಗಿ ಕೊಟ್ಟ ಎಂಟು ಟ್ಯಾಬುಗಳು ಹೆಡ್‌ಮಾಸ್ಟರ್ ಸಿದ್ದಲಿಂಗಸ್ವಾಮಿಯವರ ಬೀರುವಿನಲ್ಲಿ ಕವರ್ ಸಮೇತ ಮಲಗಿದ್ದವು. ಮೇಡಂ ಅವನ್ನು ಕೇಳಿದರು.

"ಒಡೆದುಹಾಕಿದ್ರೆ?" ಅಂದರು ಸಾಹೇಬರು.

"ನಾನೇ ಹೊಣೆ ಅಂತ ಬರೆದುಕೊಡ್ತೀನಿ ಸರ್."

ಬರೆದೇ ಕೊಟ್ಟರು. ಸಾಹೇಬರು ಕೆಟ್ಟವರಲ್ಲ. ಪಾಠ ಮುಗಿಯದಿದ್ದರೆ ತಮ್ಮನ್ನು ಕೇಳುತ್ತಾರೆ ಎನ್ನುವ ಭಯ ಅವರಿಗೆ. ಒಂದು ಮಾತು ಹೇಳಿದ್ದರು, "ಜನವರಿಯಲ್ಲಿ ಶಿಕ್ಷಣ ಇಲಾಖೆ ಆಫೀಸಿಂದ ಬರ್ತಾರೆ ಮೇಡಂ. ಅವರು ಮೆಚ್ಚಿದ್ರೆ ಮುಂದಿನ ವರ್ಷಕ್ಕೂ ನೀವೇ ಬೇಕು ಅಂತ ನಾನು ಬರೀತೀನಿ. ಏನಾದ್ರೂ ಎಡವಟ್ಟಾದ್ರೆ ನನ್ನ ಕೈಲಿ ಆಗಲ್ಲ."

ಏಳನೇ ಕ್ಲಾಸಿನ ನಾಲ್ಕು ಮಕ್ಕಳು ನಮ್ಮ ಅಡುಗೆಮನೆಯನ್ನೇ ಆರಿಸಿಕೊಂಡರು. ಅವರಿಗೆ ಲಹರಿ ಎನ್ನುವ ಹುಡುಗಿ ಮುಂದಾಳು, ಬಾಯಿ ಸ್ವಲ್ಪ ಜೋರು. ನಾಲ್ಕು ದಿನ ಟ್ಯಾಬು ಹಿಡಿದು ನಾವು ಮಾಡುವುದನ್ನೆಲ್ಲ ವಿಡಿಯೋ ತೆಗೆದರು. ನಾನು ಕಷ್ಟ ಯಾವುದೂ ಇಲ್ಲ ಎಂದಿದ್ದರೂ ವಿಡಿಯೋ ಬೇರೆ ಹೇಳಿತು. ಅನ್ನದ ತಪ್ಪಲೆಯ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಒತ್ತಿ, ನಾನೊಂದು ಕಡೆ ನಾಗಮಣಿಯೊಂದು ಕಡೆ ಗೋಣಿ ಸುತ್ತಿ ಹಿಡಿದು ಬಗ್ಗಿಸುವಾಗ ಇಬ್ಬರೂ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಗಿಹಿಡಿಯುತ್ತಿದ್ದೆವಂತೆ. ನನಗೇ ಗೊತ್ತಿರಲಿಲ್ಲ.

ಮೊದಲು ರಟ್ಟು ಮತ್ತು ಮೊಸರಿನ ಡಬ್ಬಿಯಲ್ಲಿ ಮಾಡಿದರು. ಮೂರು ಸಲ ಮುರಿದು ಮಾಡಿದರು. ಡಿಸೆಂಬರ್ ಕೊನೆಗೆ ಲಹರಿಯ ಅಪ್ಪ ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ್ದು ಮಾಡಿಕೊಟ್ಟರು. ಸೊಂಟದೆತ್ತರದ ಸ್ಟ್ಯಾಂಡು. ಅದರ ನಡುವೆ ಬಳೆ, ಬಳೆಯೊಳಗೆ ತಪ್ಪಲೆ ಕೂರುತ್ತದೆ. ಹಿಂದೆ ಐದು ಅಡಿ ಉದ್ದದ ಹಿಡಿ. ದೂರ ನಿಂತು ಹಿಡಿ ಎತ್ತಿದರೆ ತಪ್ಪಲೆ ಮುಂದಕ್ಕೆ ಬಾಗಿ ಗಂಜಿ ತೊಟ್ಟಿಗೆ ಬೀಳಬೇಕು. ಮೊದಲ ದಿನ ತಣ್ಣೀರು ತುಂಬಿ ನೋಡಿದರು, ಚೆನ್ನಾಗಿ ಬಾಗಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಮರುದಿನ ಅನ್ನ. ಅರ್ಧ ಗಂಜಿ ಹೋಗುವವರೆಗೂ ಏನೂ ಆಗಲಿಲ್ಲ. ಆಮೇಲೆ ಅನ್ನವೆಲ್ಲ ಒಟ್ಟಿಗೆ ಮುಂದಕ್ಕೆ ಜಾರಿತು, ತಪ್ಪಲೆ ಒದ್ದ ಹಾಗೆ ಧಡಕ್ಕನೆ ಬಗ್ಗಿತು. ನೀರು ಹೀಗೆ ಜಾರುವುದಿಲ್ಲ, ಅದಕ್ಕೇ ತಣ್ಣೀರಿನಲ್ಲಿ ಗೊತ್ತಾಗಿರಲಿಲ್ಲ. ನಾನು ಬಲಗೈಯನ್ನು ಹಿಡಿಯ ಮೇಲೇ ಜಾರಿಸಿಕೊಂಡು ಮುಂದೆ ನುಗ್ಗಿ, ಎಡಗೈ ಚಾಚಿ ತಪ್ಪಲೆಯ ಅಂಚು ಹಿಡಿದು ನಿಲ್ಲಿಸಿದೆ. ಮಕ್ಕಳೂ ಮೇಡಮ್ಮೂ ಆಚೆ ಬದಿಯಲ್ಲಿದ್ದರು, ನೋಡಲಿಲ್ಲ.

"ಅಜ್ಜಿ, ಎಂಗಿತ್ತು?" ಅಂದಳು ಲಹರಿ.

"ಬೋ ಚೆಂದಾಗದೆ ಕಣವ್ವ."

"ನಿಜ ಹೇಳಿ ಪುಟ್ಟಲಿಂಗಮ್ಮ" ಅಂದರು ಮೇಡಂ.

"ನಿಜವಾಗ್ಲೂ ಮೇಡಂ."

ಅವರು ಹೋದ ಮೇಲೆ ನಾಗಮಣಿ ಬೈದಳು. "ಯಾಕಕ್ಕ ಸುಳ್ಳೇಳ್ದೆ? ಕೈ ಬೆಂದೋಗದೆ."

"ಎಂಗೆ ಹೇಳ್ಲಿ ನಾಗಮಣಿ? ಆರು ತಿಂಗ್ಳು ಒದ್ದಾಡವೆ ಮಕ್ಳು. ಇನ್ನು ಆ ಹೆಣ್ಮಗ್ಳು. ಚೆನ್ನಾಗಿಲ್ಲ ಅಂತ ನಾನಂದ್ರೆ, ಆಫೀಸ್‌ನೋರು ಬಂದಾಗ ಏನು ತೋರಿಸ್ತಾಳೆ?"

"ಹೂಂ. ಆಫೀಸ್‌ನೋರ ಮುಂದೆ ಗಂಜಿ ಅವ್ರ ಪಾದಕ್ಕೇ ಸುರ್ದ್ರೆ, ಇನ್ನೂ ಚೆಂದಾಗಿ ತೋರಿಸ್ದಂಗಾಯ್ತದೆ, ಬುಡು" ಅಂದಳು.

ಅವಳು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಕ್ಕಳು ಮಾಡಿಕೊಟ್ಟದ್ದನ್ನು ಮೂಲೆಗೆ ಇಡಲಾಗದೆ ಎಂಟು ದಿನ ಅದರಲ್ಲೇ ಬಸಿದೆವು. ಎಂಟು ದಿನವೂ ಎಡಗೈಗೆ ಬಟ್ಟೆ ಸುತ್ತಿ ಅಂಚು ಹಿಡಿದೆ. ಮೇಡಂ ದಿನಾ ಬಾಗಿಲಿಗೆ ಬಂದು ಕೇಳುವರು, ನಾನು ಚೆನ್ನಾಗಿದೆ ಅನ್ನುವೆ. ಅವರಿಗೂ ಅನುಮಾನ ಇತ್ತೆಂದು ಕಾಣುತ್ತದೆ. ಮಧ್ಯಾಹ್ನ ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಕೂತಿರುತ್ತಿದ್ದರು, ಫೋನ್ ಹೊಡೆದುಕೊಂಡರೆ ಬೆಚ್ಚುತ್ತಿದ್ದರು. ಒಂದು ದಿನ, "ಈ ಜನವರಿ ಕಳೆದರೆ ಸಾಕು ಕಣಮ್ಮ, ಅಪ್ಪನ ಮುಖ ನೋಡೋಕೆ ಆಗ್ತಿಲ್ಲ" ಅಂದರು. ಅವತ್ತು ಹೇಳಿಬಿಡೋಣ ಎಂದು ಬಾಯಿವರೆಗೂ ಬಂತು. ಹೇಳಲಿಲ್ಲ.

ಆಫೀಸಿನವರು ಬರಲು ನಾಲ್ಕು ದಿನ ಇತ್ತು. ಅವರಿಗೆ ತೋರಿಸಲೆಂದು ಲಹರಿ ಹೊಸ ವಿಡಿಯೋ ತೆಗೆದಿದ್ದಳು. ಟ್ಯಾಬಿನಲ್ಲಿ ಅದನ್ನು ನಿಧಾನವಾಗಿ ಓಡಿಸಬಹುದಂತೆ. ಓಡಿಸಿ ನೋಡಿದಳಂತೆ. ಊಟದ ಗಂಟೆಗೆ ಮೊದಲೇ ಅಡುಗೆಮನೆಗೆ ಬಂದು ನಿಂತಳು.

"ಅಜ್ಜಿ, ಎಡಗೈ ತೋರ್ಸು."

"ಯಾಕವ್ವ?"

"ತೋರ್ಸು ಅಂದ್ರೆ ತೋರ್ಸು."

ಅಂಗೈಯ ಅಡ್ಡಕ್ಕೆ ಎರಡು ಗೀರು ಕೆಂಪಗೆ ಬೊಬ್ಬೆ ಎದ್ದಿದ್ದವು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಸಿಟ್ಟಾದಳು. "ನಾವೇನು ಅಂಗನವಾಡಿ ಮಕ್ಳಾ, ಚೆನ್ನಾಗಿದೆ ಚೆನ್ನಾಗಿದೆ ಅಂತ ಸಮಾಧಾನ ಮಾಡಕ್ಕೆ? ನೀನು ಹೇಳ್ದೇ ಇದ್ರೆ ನಾವು ಎಂಗೆ ಸರಿ ಮಾಡೋದು?"

ಅವಳ ಹಿಂದೆಯೇ ಮೇಡಂ ಬಂದಿದ್ದರು. ನನ್ನ ಕೈ ಹಿಡಿದು ನೋಡಿದರು. "ನನಗೋಸ್ಕರ ಸುಳ್ಳು ಹೇಳಿದ್ರಿ ಅಲ್ವಾ?" ಅಂದರು. ಹೌದು ಅಂದೆ. ಆಮೇಲೆ ಲಹರಿಯ ಕಡೆ ತಿರುಗಿ, "ಆ ವಿಡಿಯೋ ಅಳಿಸಬೇಡ. ಅದನ್ನೇ ತೋರಿಸೋಣ" ಅಂದರು.

ಹೆಡ್‌ಮಾಸ್ಟರಿಗೆ ಇದು ತಿಳಿದು ಅಡುಗೆಮನೆಯ ಬಾಗಿಲಿಗೇ ಬಂದರು. "ಏನ್ ಮೇಡಂ ಇದು? ಎಲ್ರೂ ಆಫೀಸರ್ ಮುಂದೆ ಒಳ್ಳೇದು ತೋರಿಸ್ತಾರೆ. ನೀವು ತಪ್ಪು ತೋರಿಸ್ತೀನಿ ಅಂತೀರಲ್ಲ."

"ಸರಿ ಮಾಡೋಕೆ ಟೈಮಿಲ್ಲ ಸರ್. ಸರಿಯಾಗಿದೆ ಅಂತ ತೋರಿಸಿ ಮಕ್ಕಳ ಮೈಮೇಲೆ ಬಿದ್ರೆ?"

"ತೋರಿಸ್ಲೇಬೇಡಿ ಹಾಗಾದ್ರೆ. ಬೇರೆ ಗುಂಪಿಂದು ತೋರಿಸಿ."

ಮೇಡಂ ಲಹರಿಯ ಟ್ಯಾಬನ್ನು ಚಾರ್ಜಿಗೆ ಹಾಕಲು ತೆಗೆದುಕೊಂಡು ಹೋದರು. ಆ ನಾಲ್ಕು ದಿನ ನಾವು ಹಳೇ ರೀತಿಯಲ್ಲೇ ಅನ್ನ ಬಸಿದೆವು. ನಾನು ಎಡಗೈಯಲ್ಲಿ ಹಿಡಿಯಲಾಗದೆ ನಾಗಮಣಿಯೇ ಹೆಚ್ಚು ಭಾರ ಹೊತ್ತಳು.

ಆಫೀಸಿನಿಂದ ಬಂದವರು ವಯಸ್ಸಾದ ಹೆಂಗಸು, ನಗು ಕಡಿಮೆ. ಮಿಕ್ಕ ಗುಂಪುಗಳದ್ದೆಲ್ಲ ನೋಡಿ ಸ್ಟ್ಯಾಂಡಿನ ಮುಂದೆ ನಿಂತರು. ಲಹರಿ ಟ್ಯಾಬು ಹಿಡಿದು, "ಇದು ಇನ್ನೂ ಸರಿಯಾಗಿಲ್ಲ ಮೇಡಂ" ಎಂದು ಶುರು ಮಾಡಿದಳು. ನನ್ನ ಎಡಗೈ ಚಾಚಿದ್ದನ್ನು ನಿಧಾನವಾಗಿ ಓಡಿಸಿ ತೋರಿಸಿದಳು. ಸಾಹೇಬರು ನೆಲ ನೋಡುತ್ತಾ ನಿಂತಿದ್ದರು. ಆಫೀಸರಮ್ಮ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇದು ನಿಮಗೆ ಉಪಯೋಗಕ್ಕೆ ಬರುತ್ತಾ?"

ಎಲ್ಲರೂ ನನ್ನನ್ನೇ ನೋಡಿದರು. ಮೇಡಂ ಮುಖ ನೋಡಿದರೆ ಮತ್ತೆ ಸುಳ್ಳೇ ಬರುತ್ತದೆ ಎಂದು ಲಹರಿಯ ಮುಖ ನೋಡಿಕೊಂಡು ಹೇಳಿದೆ. "ಅರ್ಧ ಗಂಜಿ ಹೋಗೋವರ್ಗೂ ಬತ್ತದೆ ಮೇಡಂ. ಮುಖಕ್ಕೆ ಹಬೆ ಹೊಡಿಯಲ್ಲ, ಸೊಂಟ ನೋಯಲ್ಲ. ಅರ್ಧ ಆದ್ಮೇಲೆ ಅನ್ನ ಜಾರಿ ಒದೀತದೆ. ಆಗ ಭಯ ಆಯ್ತದೆ."

ಆಕೆ ಪುಸ್ತಕದಲ್ಲಿ ಏನೋ ಬರೆದುಕೊಂಡು, ಮೆಚ್ಚಿದ್ದೂ ಇಲ್ಲ, ಬೈದದ್ದೂ ಇಲ್ಲ, ಜೀಪು ಹತ್ತಿ ಹೋದರು.

ಫೆಬ್ರವರಿಯಲ್ಲಿ ಮಕ್ಕಳು ಬಳೆಯ ಪಕ್ಕದಲ್ಲಿ ಹಲ್ಲು ಇರುವ ಪಟ್ಟಿ ಹಾಕಿಸಿದರು. ಒಂದೊಂದು ಹಲ್ಲಿಗೂ ತಪ್ಪಲೆ ನಿಂತು ನಿಂತು ಬಾಗುತ್ತದೆ, ಜಾರಿದರೂ ಒದೆಯುವುದಿಲ್ಲ. ಅದಕ್ಕೂ ಮೊದಲು ನನ್ನಿಂದ ಆರು ತಪ್ಪು ಹೇಳಿಸಿಕೊಂಡು ಬರೆದುಕೊಂಡರು. ಆರನೆಯದು ಹೇಳುವ ಹೊತ್ತಿಗೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿತು. ಹೆಡ್‌ಮಾಸ್ಟರ್ ಪತ್ರ ಬರೆದರೆಂದು ಜವಾನ ಹೇಳಿದ, ಏನೆಂದು ಬರೆದರೋ ಅವನಿಗೂ ಗೊತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದು ಹತ್ತು ದಿನವಾದರೂ ಮೇಡಂಗೆ ಕರೆ ಬರಲಿಲ್ಲ. ನಮ್ಮ ಶಾಲೆಗೆ ವರ್ಗವಾಗಿ ಕಾಯಂ ಟೀಚರ್ ಒಬ್ಬರು ಬಂದುಬಿಟ್ಟರು, ವಿಜ್ಞಾನಕ್ಕೇ. ಮೇಡಂ ಮತ್ತೆ ಬಟ್ಟೆ ಅಂಗಡಿಯಲ್ಲಿ ಕೆಲಸ ಕೇಳಿದ್ದಾರಂತೆ ಎಂದು ನಾಗಮಣಿ ಸುದ್ದಿ ತಂದಳು. ಅವತ್ತು ನಾನು ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಹನ್ನೊಂದನೆಯ ದಿನ ಅವರೇ ಬಂದರು. ರಿಂಗ್ ರೋಡಿನ ಆಚೆ ಒಂದು ಶಾಲೆಗೆ ಹಾಕಿದ್ದಾರೆ, ಸದ್ಯಕ್ಕೆ ಅಕ್ಟೋಬರ್‌ವರೆಗೆ ಮಾತ್ರ, ಆಮೇಲೆ ನೋಡೋಣ ಎಂದಿದ್ದಾರೆ. ಆ ಶಾಲೆಯ ಹೆಡ್‌ಮಾಸ್ಟರಿಗೆ ಅದೇ ಆಫೀಸರಮ್ಮ ಇವರ ಹೆಸರು ಹೇಳಿದರಂತೆ. ನಾಳೆ ಸೇರಬೇಕು, ಎರಡು ಬಸ್ಸು ಹಿಡಿಯಬೇಕು. ಇಷ್ಟು ಹೇಳಿ ಬಾಗಿಲಲ್ಲೇ ನಿಂತರು. ಟೀ ಮಾಡುತ್ತೇನೆ ಅಂದರೆ ಬೇಡ ಅಂದರು. ಹೊರಟವರು ಮತ್ತೆ ತಿರುಗಿ ಕೇಳಿದರು.

"ಪುಟ್ಟಲಿಂಗಮ್ಮ, ಅಲ್ಲೂ ಅಡುಗೆಗೆ ಇಬ್ಬರಿದ್ದಾರಂತೆ, ನನಗೆ ಅವರ ಗುರುತಿಲ್ಲ. ಮಕ್ಕಳು ಏನೋ ಒಂದು ಮಾಡಿಕೊಟ್ಟಾಗ ಅವರು ಚೆನ್ನಾಗಿದೆ ಅಂದರೆ, ಅದು ನಿಜಾನೋ, ನಮ್ಮ ಮನಸ್ಸು ನೋಯಬಾರದು ಅಂತಲೋ, ನಾನು ಯಾವುದರಿಂದ ತಿಳ್ಕೊಳ್ಳಲಿ?"